ಮೌಂಟ್ ವರ್ನನ್ ಮನೆ ಬೆಳೆದ ಹಂತಗಳನ್ನು ಒಂದೇ ಮಾದರಿಯಲ್ಲಿ ತೋರಿಸುವುದು ಹೇಗೆ?

ಮರದ ಮಾದರಿ (ವರ್ಜೀನಿಯಾ)

ಎಲ್ಲರಿಗೂ ನಮಸ್ಕಾರ. ನಾನು ಇರುವ ಊರು ಪೊಟೋಮ್ಯಾಕ್ ನದಿಯ ದಂಡೆಯ ಮೌಂಟ್ ವರ್ನನ್‌ಗೆ ಹತ್ತಿರ. ಬಿಡುವಿನ ವೇಳೆಯಲ್ಲಿ ಹಳೆಯ ಕಟ್ಟಡಗಳ ಮಾದರಿಗಳನ್ನು ಮರದಲ್ಲಿ ಮಾಡುತ್ತೇನೆ. ಕರ್ನಾಟಕದಿಂದ ಬರುವ ನೆಂಟರಿಷ್ಟರನ್ನು ಇಲ್ಲಿನ ಕನ್ನಡಿಗರು ಜಾರ್ಜ್ ವಾಷಿಂಗ್ಟನ್ನರ ಈ ಮನೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಬಂದವರಲ್ಲಿ ಬಹುತೇಕರು ಕೆಂಪು ಚಾವಣಿಯ ಆ ಬಿಳಿ ಮನೆಯನ್ನು ನೋಡಿ, ಅದನ್ನು ಯಾರೋ ಒಂದೇ ನಕ್ಷೆ ಹಾಕಿ ಒಂದೇ ಸಲಕ್ಕೆ ಕಟ್ಟಿಸಿದರೆಂದು ತಿಳಿಯುತ್ತಾರೆ. ಅದು ಹಾಗೆ ಹುಟ್ಟಿದ ಮನೆಯಲ್ಲ.

ವಾಷಿಂಗ್ಟನ್ನರ ತಂದೆ ಅಗಸ್ಟೀನ್ 1734ರಲ್ಲಿ ಕಟ್ಟಿಸಿದ್ದು ಒಂದೂವರೆ ಮಹಡಿಯ ಸಾಧಾರಣ ಮರದ ಮನೆ. ನಡುವೆ ಓಣಿಯಂಥ ಹಜಾರ, ಅದರ ಎರಡೂ ಬದಿಗೆ ಸೇರಿ ನಾಲ್ಕು ಕೋಣೆ. ಅಣ್ಣ ಲಾರೆನ್ಸ್ ತೀರಿಕೊಂಡ ಮೇಲೆ ಜಾರ್ಜ್ 1754ರಲ್ಲಿ ಆ ಜಮೀನನ್ನು ಗುತ್ತಿಗೆಗೆ ಪಡೆದರು. 1758ರ ಸುಮಾರಿಗೆ ಹಳೆಯ ಚಾವಣಿಯನ್ನು ತೆಗೆಸಿ, ಪೂರ್ಣ ಎರಡನೆಯ ಮಹಡಿಯನ್ನು ಏರಿಸಿ, ಅದರ ಮೇಲೆ ಅಟ್ಟ ಮಾಡಿಸಿದರು. 1774ರಲ್ಲಿ ಶುರುವಾದ ಮೂರನೆಯ ಕೆಲಸದಲ್ಲಿ ದಕ್ಷಿಣಕ್ಕೆ ಒಂದು, ಉತ್ತರಕ್ಕೆ ಒಂದು ರೆಕ್ಕೆ ಸೇರಿದವು. ನದಿಯ ಕಡೆಗೆ ಎರಡು ಮಹಡಿ ಎತ್ತರದ ಕಂಬಗಳ ಜಗಲಿ, ಚಾವಣಿಯ ನಡುವೆ ಎಂಟು ಮೂಲೆಯ ಪುಟ್ಟ ಗೋಪುರ, ಅಡುಗೆಮನೆ ಮತ್ತು ಆಳುಗಳ ಮನೆಗೆ ಹೋಗುವ ಬಾಗಿದ ಕಂಬಸಾಲು ಬಂದವು.

ಈ ಬೆಳವಣಿಗೆಯನ್ನು ತೋರಿಸುವ ಒಂದು ಮಾದರಿಯನ್ನು 1:48 ಅಳತೆಯಲ್ಲಿ ಮಾಡಬೇಕೆಂದಿದ್ದೇನೆ. ಮನೆಯ ಉದ್ದ ಸುಮಾರು 94 ಅಡಿ. ಮಾದರಿಯಲ್ಲಿ ಅದು ಸುಮಾರು 60 ಸೆಂಟಿಮೀಟರ್ ಆಗುತ್ತದೆ. ಮೂರು ಹಂತಗಳಿಗೆ ಮೂರು ಪ್ರತ್ಯೇಕ ಮಾದರಿಗಳನ್ನು ಸಾಲಾಗಿ ಇಡುವುದು ಸುಲಭ. ಆದರೆ ಹಳೆಯ ಮನೆ ಹೊಸ ಮನೆಯ ಹೊಟ್ಟೆಯೊಳಗೆ ಇನ್ನೂ ಇದೆ ಎಂಬ ಮುಖ್ಯ ಸಂಗತಿ ಆಗ ಕಾಣದೆ ಹೋಗುತ್ತದೆ. ಒಂದೇ ಮಾದರಿಯನ್ನು ಬಿಡಿಭಾಗಗಳಾಗಿ ಮಾಡಿ, ತೆಗೆದು ಜೋಡಿಸುವಂತೆ ಇಡುವುದು ನನ್ನ ಇಚ್ಛೆ. ಈ ಕೆಲಸದ ಅನುಭವವಿರುವವರು ದಯವಿಟ್ಟು ಸಲಹೆ ಕೊಡಬೇಕು.

ಅಳತೆಪಟ್ಟಿ (ಮೈಸೂರು)

ಬಹಳ ಒಳ್ಳೆಯ ವಿಷಯವನ್ನು ಎತ್ತಿದ್ದೀರಿ, ಸರ್. ನಾನು ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ವಿದ್ಯಾರ್ಥಿಗಳ ಮಾದರಿಗಳನ್ನೂ ನೋಡುತ್ತಿರುತ್ತೇನೆ. ಒಂದೇ ಮಾದರಿ ಬೇಕೆಂಬ ನಿಮ್ಮ ನಿಲುವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಅಪಾಯವಿದೆ.

ಬಿಡಿಭಾಗಗಳ ಮಾದರಿ ಮಾಡುವವರು ಸಾಮಾನ್ಯವಾಗಿ ಕಟ್ಟಡವನ್ನು ಕೂಡಿಸುವ ಲೆಕ್ಕವೆಂದೇ ತಿಳಿಯುತ್ತಾರೆ: ಮೊದಲ ಹಂತದ ತುಂಡು, ಅದರ ಮೇಲೆ ಎರಡನೆಯದು, ಪಕ್ಕಕ್ಕೆ ಮೂರನೆಯದು, ಅಲ್ಲಿಗೆ ಮುಗಿಯಿತು. ನಿಜವಾದ ಮನೆ ಹಾಗೆ ಬೆಳೆಯುವುದಿಲ್ಲ. ಪ್ರತಿ ಸಲ ಏನನ್ನಾದರೂ ಕಿತ್ತ ಮೇಲೆಯೇ ಹೊಸದು ಬರುತ್ತದೆ. ನೀವೇ ಬರೆದಿರುವಂತೆ 1734ರ ಚಾವಣಿ 1758ರ ಮನೆಯಲ್ಲಿ ಉಳಿದಿಲ್ಲ. 1774ರ ಕೆಲಸದಲ್ಲಿ ಹಳೆಯ ಮನೆಯ ಎರಡು ತುದಿಯ ಹೊರಗೋಡೆಗಳು ಒಳಗೋಡೆಗಳಾದವು. ಗೋಡೆ ಅಲ್ಲೇ ನಿಂತಿದ್ದರೂ ಅದರ ಪಾತ್ರ ಬದಲಾಯಿತು. ಕಿತ್ತದ್ದನ್ನೂ ಬದಲಾದದ್ದನ್ನೂ ತೋರಿಸದ ಮಾದರಿ ಎಷ್ಟೇ ನಾಜೂಕಾಗಿದ್ದರೂ ನೋಡುವವರಿಗೆ ಅರ್ಧ ಸತ್ಯವನ್ನೇ ಹೇಳುತ್ತದೆ.

ಹಾಗಾಗಿ ನನ್ನ ಸಲಹೆ ಇದು. ನಡುವಿನ ನೆಲಮಹಡಿಯೊಂದನ್ನು ಮಾತ್ರ ಪೀಠಕ್ಕೆ ಭದ್ರವಾಗಿ ಅಂಟಿಸಿ. ಮೂರೂ ಹಂತಗಳಲ್ಲಿ ಉಳಿದುಕೊಂಡು ಬಂದದ್ದು ಅದೇ. ಚಾವಣಿಗಳನ್ನು ಮೂರು ಬೇರೆ ಬೇರೆ ತುಂಡುಗಳಾಗಿ ಮಾಡಿ. ಒಂದನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆಯೇ ಇನ್ನೊಂದು ಕೂರಬೇಕು. ಪಕ್ಕಕ್ಕಿಟ್ಟ ಚಾವಣಿಗೆ ಪೀಠದ ಮೇಲೆಯೇ ಒಂದು ಜಾಗವನ್ನು ಗುರುತು ಮಾಡಿ, ಅಲ್ಲಿ ಅದು ಎಲ್ಲರಿಗೂ ಕಾಣುವಂತೆ ಇರಲಿ. ಡಬ್ಬಿಯೊಳಗೆ ಹೋದರೆ ಅದು ಇತ್ತೆಂಬುದೇ ಮರೆತುಹೋಗುತ್ತದೆ.

ಇತಿಹಾಸದ ಓದುಗಳು (ಧಾರವಾಡ)

ಅಳತೆಪಟ್ಟಿಯವರ ಮಾತಿಗೆ ಒಂದು ಸೇರ್ಪಡೆ ಮಾಡುತ್ತೇನೆ. ಮೂರು ಹಂತಗಳಿಗೂ ನಮಗಿರುವ ಆಧಾರ ಒಂದೇ ಬಗೆಯದಲ್ಲ, ಮತ್ತು ಆ ವ್ಯತ್ಯಾಸ ಮಾದರಿಯ ಮೇಲೆಯೇ ಕಾಣಬೇಕು.

ಕೊನೆಯ ಹಂತಕ್ಕೆ ಸಾಕಷ್ಟು ಸಾಕ್ಷ್ಯವಿದೆ. ಮನೆಯ ಪಶ್ಚಿಮದ ಮುಖವನ್ನು ವಾಷಿಂಗ್ಟನ್ನರೇ ಗೀಚಿದ ನಕ್ಷೆ ಉಳಿದಿದೆ. ಸ್ಯಾಮ್ಯುಯೆಲ್ ವಾಹನ್ 1787ರಲ್ಲಿ ಇಡೀ ಆವರಣದ ನಕ್ಷೆ ಬರೆದರು. ಎಡ್ವರ್ಡ್ ಸ್ಯಾವೇಜರ ವರ್ಣಚಿತ್ರಗಳಲ್ಲಿ ಮನೆಯ ಎರಡೂ ಮುಖಗಳಿವೆ. ಇವೆಲ್ಲಕ್ಕಿಂತ ಹೆಚ್ಚಿನದು ಪತ್ರಗಳು. ಈ ಮನೆಯ ಎರಡು ದೊಡ್ಡ ಬದಲಾವಣೆಗಳೂ ಯಜಮಾನರು ಊರಲ್ಲಿ ಇಲ್ಲದಾಗ ನಡೆದವು. 1758ರಲ್ಲಿ ಅವರು ವರ್ಜೀನಿಯಾ ರೆಜಿಮೆಂಟಿನೊಂದಿಗೆ ಗಡಿಯ ಯುದ್ಧದಲ್ಲಿದ್ದರು. 1775ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾಕ್ಕೆ ಹೊರಟವರು, ಸೇನಾಧಿಪತಿಯಾಗಿ ಯುದ್ಧಭೂಮಿಯಲ್ಲೇ ಉಳಿದು, ಮತ್ತೆ ತಮ್ಮ ಮನೆಯ ಹೊಸ್ತಿಲು ತುಳಿದದ್ದು 1781ರ ಸೆಪ್ಟೆಂಬರಿನಲ್ಲಿ, ಯಾರ್ಕ್‌ಟೌನ್ ಕಡೆಗೆ ಹೋಗುವ ದಾರಿಯಲ್ಲಿ. ಆ ನಡುವೆ ಕೆಲಸ ನೋಡಿಕೊಂಡವರು ದೂರದ ದಾಯಾದಿ ಲಂಡ್ ವಾಷಿಂಗ್ಟನ್. 1776ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ರಣರಂಗದಿಂದ ಅವರಿಗೆ ಬರೆದ ಪತ್ರದಲ್ಲಿ ವಾಷಿಂಗ್ಟನ್ನರು, ಹೊಸ ಕೋಣೆಯ ಬೆಂಕಿಗೂಡು ಸರಿಯಾಗಿ ನಟ್ಟನಡುವೆ ಇರಬೇಕು, ಬಾಗಿಲುಗಳು ಒಂದಕ್ಕೊಂದು ಹೊಂದಬೇಕು, ಮೊಳೆಗಾಗಿ ಮೂರು ರಾಜ್ಯಗಳಿಗೆ ಜನ ಕಳಿಸಬೇಕಾಗಿ ಬಂದರೂ ಸರಿ, ಮನೆಯ ಉತ್ತರದ ತುದಿಗೆ ಈ ಶರತ್ಕಾಲದೊಳಗೆ ಹೊದಿಕೆ ಬೀಳಬೇಕು ಎಂದು ಕಳಕಳಿಯಿಂದ ಕೇಳಿಕೊಂಡಿದ್ದಾರೆ. ಯಜಮಾನರು ಮನೆಯಲ್ಲೇ ಇದ್ದಿದ್ದರೆ ಇದನ್ನೆಲ್ಲ ಬಾಯಲ್ಲಿ ಹೇಳಿ ಮುಗಿಸುತ್ತಿದ್ದರು, ನಮಗೆ ಒಂದು ಸಾಲೂ ಸಿಗುತ್ತಿರಲಿಲ್ಲ.

1734ರ ಮನೆಗೆ ಇಂಥ ಭಾಗ್ಯವಿಲ್ಲ. ಅದರ ಬಗ್ಗೆ ನಾವು ತಿಳಿದಿರುವುದು ಹೆಚ್ಚಾಗಿ ಇಂದಿನ ಗೋಡೆಗಳ ಒಳಗೆ ಉಳಿದಿರುವ ತೊಲೆ, ಕಂಬ, ಅಡಿಪಾಯಗಳಿಂದ. ಮರದ ವರ್ಷಬಳೆಗಳನ್ನು ಎಣಿಸುವ ಪರೀಕ್ಷೆ ಆ ವರ್ಷವನ್ನು ಖಚಿತಪಡಿಸಿದೆ. ನೆಲಮಹಡಿಯ ಚೌಕಟ್ಟನ್ನು ನೀವು ಧೈರ್ಯವಾಗಿ ಮಾಡಬಹುದು. ಆದರೆ ಅದರ ಹೊರಮೈ, ಕಿಟಕಿಯ ಪಟ್ಟಿ, ಬಣ್ಣ ಇವುಗಳನ್ನು ಕೊನೆಯ ಹಂತದಷ್ಟೇ ವಿವರವಾಗಿ ಮಾಡಿಬಿಟ್ಟರೆ ಊಹೆಯೂ ಸಾಕ್ಷ್ಯವೂ ಒಂದೇ ಎಂದು ಹೇಳಿದಂತಾಗುತ್ತದೆ.

ಮರದ ಮಾದರಿ (ವರ್ಜೀನಿಯಾ)

ಇಬ್ಬರಿಗೂ ಧನ್ಯವಾದಗಳು. ಪೀಠದ ಮೇಲೆ ಕಳಚಿದ ಚಾವಣಿಗೂ ಜಾಗ ಕೊಡುವ ಆಲೋಚನೆ ನನಗೆ ಬಹಳ ಹಿಡಿಸಿತು, ಅದನ್ನು ಹಾಗೆಯೇ ಮಾಡುತ್ತೇನೆ. ಆಧಾರದ ಪ್ರಮಾಣವನ್ನು ತೋರಿಸಲು ನಾನು ಯೋಚಿಸಿರುವುದು ಹೀಗೆ: 1734ರ ಮನೆಯ ಚೌಕಟ್ಟನ್ನು ತೊಲೆತೊಲೆಯಾಗಿ ಮಾಡಿ ಗಾಢ ಬಣ್ಣದ ಮರದಲ್ಲಿ ತೋರಿಸುವುದು, ಅದರ ಹೊರಮೈಯನ್ನು ಕಿಟಕಿಯ ವಿವರವಿಲ್ಲದೆ ನಯವಾದ ಹಲಗೆಯಾಗಿ ಬಿಡುವುದು.

1758ರ ಹೊರಮೈಯದು ಬೇರೆ ಸಮಸ್ಯೆ. ಈ ಮನೆ ದೂರದಿಂದ ಕಲ್ಲಿನ ಮನೆಯಂತೆ ಕಾಣುತ್ತದೆ, ಆದರೆ ಕಲ್ಲಿನದಲ್ಲ. ಪೈನ್ ಹಲಗೆಗಳ ಅಂಚುಗಳನ್ನು ಓರೆಯಾಗಿ ಕೆತ್ತಿ, ಕಲ್ಲಿನ ಇಟ್ಟಿಗೆಗಳ ಸಾಲಿನಂತೆ ಗೆರೆ ಮೂಡಿಸಿ, ಬಣ್ಣ ಹಸಿಯಾಗಿರುವಾಗಲೇ ಅದರ ಮೇಲೆ ಮರಳು ಎರಚಿದ್ದಾರೆ. ಹತ್ತಿರ ನಿಂತು ನೋಡಿದರೆ ಮರಳಿನ ಕಾಳುಗಳು ಬಣ್ಣದೊಳಗೆ ಹುದುಗಿರುವುದು ಚೆನ್ನಾಗಿ ಕಾಣುತ್ತದೆ. ಇದನ್ನು 1:48ರಲ್ಲಿ ತರುವುದು ಹೇಗೆ? ನಿಜವಾದ ಮರಳನ್ನೇ ಹಾಕಿದರೆ ಅರ್ಧ ಮಿಲಿಮೀಟರಿನ ಕಾಳು ಮಾದರಿಯ ಲೆಕ್ಕದಲ್ಲಿ ಎರಡೂವರೆ ಸೆಂಟಿಮೀಟರಿನ ಜಲ್ಲಿಯಾಗುತ್ತದೆ.

ಹಾಲೆಮರ (ಚನ್ನಪಟ್ಟಣ)

ಮರಳನ್ನು ಹಾಕಲೇಬೇಡಿ ಸರ್. ಗೆರೆಗಳನ್ನು ಮೊದಲು ಮಾಡಿಕೊಳ್ಳಿ: ಒಂದು ಮಿಲಿಮೀಟರ್ ದಪ್ಪದ ಹಲಗೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಮೊಂಡಾದ ಮೊನೆಯಿಂದ ಒತ್ತಿ ಎಳೆಯಬೇಕು. ಕಟರ್‌ನಿಂದ ಕೊಯ್ದರೆ ನಾರು ಎದ್ದು ಬಣ್ಣ ಬಳಿದಾಗ ಮುಳ್ಳುಮುಳ್ಳಾಗಿ ಕಾಣುತ್ತದೆ, ಒತ್ತಿ ಎಳೆದರೆ ಗೆರೆಯ ಎರಡು ಅಂಚೂ ತಾವಾಗಿಯೇ ಓರೆಯಾಗುತ್ತವೆ. ಮೊದಲ ಕೈ ಬಣ್ಣ ಒಣಗಿದ ಮೇಲೆ, ಎರಡನೆಯ ಕೈ ಬಣ್ಣಕ್ಕೆ ಚಿಟಿಕೆಯಷ್ಟು ಟಾಲ್ಕ್ ಪುಡಿ ಬೆರೆಸಿ, ಕುಂಚದಿಂದ ಬಳಿಯದೆ ಸ್ಪಂಜಿನಿಂದ ತಟ್ಟಿ. ಹೊಳಪು ಹೋಗಿ ಮೇಲ್ಮೈ ತರಿತರಿಯಾಗಿ ಬೆಳಕನ್ನು ಹೀರುತ್ತದೆ. ಈ ಅಳತೆಯಲ್ಲಿ ಕಣ್ಣಿಗೆ ಬೇಕಾದದ್ದು ಅಷ್ಟೇ.

ಮರದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಗೊಂಬೆಗೆ ಬಳಸುವ ಹಾಲೆಮರ ಮಾದರಿಗೂ ಒಳ್ಳೆಯದು. ಅದರ ನಾರು ಕಣ್ಣಿಗೆ ಕಾಣದಷ್ಟು ಸಣ್ಣ. ನಾರು ದಪ್ಪವಾಗಿರುವ ಮರದಲ್ಲಿ ಸಣ್ಣ ಮಾದರಿ ಮಾಡಿದರೆ ಪ್ರತಿ ಹಲಗೆಯೂ ಹಗ್ಗ ಹೊಸೆದಂತೆ ಕಾಣುತ್ತದೆ, ಅಳತೆಯ ಭ್ರಮೆ ಅಲ್ಲೇ ಒಡೆದುಹೋಗುತ್ತದೆ. ನಿಮ್ಮಲ್ಲಿ ಹಾಲೆಮರ ಸಿಗದಿದ್ದರೆ ಬಾಸ್‌ವುಡ್ ಬಳಸಿ. ಬಾಲ್ಸಾ ಬೇಡ, ಪದೇ ಪದೇ ತೆಗೆದು ಜೋಡಿಸುವ ಭಾಗಗಳಲ್ಲಿ ಅದರ ಮೂಲೆಗಳು ಬೇಗ ಜಜ್ಜಿಹೋಗುತ್ತವೆ. ಜಗಲಿಯ ಎಂಟು ಕಂಬಗಳು ಚೌಕವಾಗಿರುವುದರಿಂದ ಕಡೆಯುವ ಕೆಲಸವಿಲ್ಲ. ಆದರೆ ಎಂಟನ್ನೂ ಒಂದೇ ಪಟ್ಟಿಯಿಂದ, ಒಂದೇ ಕೂರಿಕೆಯಲ್ಲಿ ಕತ್ತರಿಸಿಕೊಳ್ಳಿ. ಒಂದು ಕಂಬ ಅರ್ಧ ಮಿಲಿಮೀಟರ್ ಗಿಡ್ಡವಾದರೂ ಚಾವಣಿಯ ಅಂಚು ತೂಗಿಬಿದ್ದಂತೆ ತೋರುತ್ತದೆ.

ಸಣ್ಣ ಊರಿನ ಮೇಷ್ಟ್ರು (ತೀರ್ಥಹಳ್ಳಿ)

ನನ್ನದು ನೋಡುವವರ ಕಡೆಯ ಪ್ರಶ್ನೆ. ಮೂರು ಹಂತಗಳಿಗೆ ಮೂರು ಬಣ್ಣ ಕೊಡುವುದಿಲ್ಲವೇ? ಮಕ್ಕಳಿಗೆ ಬಣ್ಣಕ್ಕಿಂತ ಬೇಗ ಅರ್ಥವಾಗುವುದು ಬೇರೆ ಇಲ್ಲ. ನೈಜ ಬಣ್ಣಕ್ಕೆ ಜೋತುಬಿದ್ದರೆ ಎಲ್ಲವೂ ಬಿಳಿ ಗೋಡೆ, ಕೆಂಪು ಚಾವಣಿ ಎಂದಾಗಿ, ಯಾವುದು ಯಾವಾಗಿನದೆಂದು ತಿಳಿಯುವುದೇ ಇಲ್ಲ.

ಅಳತೆಪಟ್ಟಿ (ಮೈಸೂರು)

ಮೇಷ್ಟ್ರೇ, ನಿಮ್ಮ ಮಾತು ಸರಿ, ಆದರೆ ಕೆಂಪು, ಹಸಿರು, ನೀಲಿ ಎಂದು ಹಚ್ಚಿದರೆ ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೆ ಮಾದರಿ ಮುಚ್ಚಿಹೋಗುತ್ತದೆ. ಅದಕ್ಕಿಂತ ಗಾಢ, ಮಧ್ಯಮ, ತಿಳಿ ಎಂದು ಒಂದೇ ಬಣ್ಣದ ಮೂರು ಛಾಯೆಗಳನ್ನು ಬಳಸುವುದು ಒಳ್ಳೆಯದು. ಹಳೆಯದು ಗಾಢ, ಹೊಸದು ತಿಳಿ. ಈ ಛಾಯೆಗಳು ಹೊರಮೈಯಲ್ಲಿ ಬೇಡ, ಒಳಗಿನ ಚೌಕಟ್ಟಿನಲ್ಲೂ ಗೋಡೆಯ ಕತ್ತರಿಸಿದ ಅಂಚಿನಲ್ಲೂ ಇರಲಿ. ಆಗ ಮಾದರಿ ಮುಚ್ಚಿರುವಾಗ ನಿಜವಾದ ಮನೆಯಂತೆಯೇ ಒಂದೇ ಮೈಯಾಗಿ ಕಾಣುತ್ತದೆ, ತೆರೆದ ಕೂಡಲೇ ಕಾಲದ ಪದರಗಳು ಬೇರೆಯಾಗುತ್ತವೆ. ಹೊಸ ಹೊರಮೈಯ ಹಿಂದೆ ಹಳೆಯದನ್ನು ಅಡಗಿಸಿದ್ದು ಈ ಮನೆಯಲ್ಲಿ ನಿಜವಾಗಿ ನಡೆದ ಕೆಲಸವೇ ಆದ್ದರಿಂದ ಮಾದರಿಯೂ ಅದನ್ನೇ ಮಾಡಿದರೆ ತಪ್ಪಿಲ್ಲ.

ಇಲ್ಲಿ ಪಶ್ಚಿಮದ ಮುಖದ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಮುಖ ಮೊದಲ ನೋಟಕ್ಕೆ ಎರಡೂ ಕಡೆ ಸಮವಾಗಿದೆ ಅನ್ನಿಸುತ್ತದೆ. ಅಳತೆಪಟ್ಟಿ ಹಿಡಿದರೆ ಹಾಗಿಲ್ಲ: ಬಾಗಿಲು ನಟ್ಟನಡುವೆ ಇಲ್ಲ, ಅದರ ಎಡಬಲದ ಕಿಟಕಿಗಳ ನಡುವಿನ ಅಂತರಗಳೂ ಒಂದೇ ಆಗಿಲ್ಲ. ಹಳೆಯ ಮನೆಯ ಕೋಣೆಗಳನ್ನು ಉಳಿಸಿಕೊಂಡೇ ಬೆಳೆಸಿದ್ದರಿಂದ ಹೀಗಾಯಿತು. ಮೇಲಿನ ತ್ರಿಕೋನ ಮತ್ತು ಗೋಪುರ ಕಣ್ಣನ್ನು ಮಧ್ಯಕ್ಕೆ ಸೆಳೆದು ಈ ಓರೆಯನ್ನು ಮರೆಸುತ್ತವೆ. ಮಾದರಿ ಮಾಡುವವರ ಕೈ ಇಂಥ ಕಡೆ ತನಗೆ ತಿಳಿಯದೆಯೇ ಅಂತರಗಳನ್ನು ಸಮ ಮಾಡಿಬಿಡುತ್ತದೆ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವಾಗ ಅರ್ಧ ಬರೆದು ಉಳಿದರ್ಧಕ್ಕೆ ಪ್ರತಿಬಿಂಬ ಹಾಕುವ ಆಸೆಯೂ ಬರುತ್ತದೆ. ದಯವಿಟ್ಟು ಪ್ರತಿಯೊಂದು ಕಿಟಕಿಯನ್ನೂ ಬೇರೆಯಾಗಿಯೇ ಗುರುತಿಸಿಕೊಳ್ಳಿ. 1734ರ ಮನೆ ಇಂದಿಗೂ ಹೊರಗಿನಿಂದ ಕಾಣುವುದು ಈ ಓರೆಯಲ್ಲೇ.

ಇತಿಹಾಸದ ಓದುಗಳು (ಧಾರವಾಡ)

ಮೂರನೆಯ ಹಂತವನ್ನು ನಾವೆಲ್ಲ ಒಂದೇ ಹಂತವೆಂದು ಮಾತಾಡುತ್ತಿದ್ದೇವೆ, ಅದು ಪೂರ್ತಿ ಸರಿಯಲ್ಲ. ಉತ್ತರದ ರೆಕ್ಕೆಯ ಹೊರಕವಚ ಯುದ್ಧದ ಕಾಲದಲ್ಲೇ ಎದ್ದರೂ ಒಳಗಿನ ಎರಡು ಮಹಡಿ ಎತ್ತರದ ದೊಡ್ಡ ಕೋಣೆ ಸಿದ್ಧವಾಗಿದ್ದು 1780ರ ದಶಕದ ಕೊನೆಯಲ್ಲಿ. ಗೋಪುರದ ತುದಿಯ ಪಾರಿವಾಳದ ಆಕಾರದ ದಿಕ್ಕುಸೂಚಿ ಬಂದದ್ದು 1787ರಲ್ಲಿ. ಇಷ್ಟು ವರ್ಷ ಆ ರೆಕ್ಕೆ ಹೊರಗಿನಿಂದ ಭವ್ಯವಾಗಿ, ಒಳಗೆ ಅರೆಬರೆಯಾಗಿ ನಿಂತಿತ್ತು. ಉತ್ತರದ ರೆಕ್ಕೆಗೆ ಎರಡು ಒಳಭಾಗಗಳನ್ನು ಮಾಡಿ, ಒಂದರಲ್ಲಿ ಬರೀ ಚೌಕಟ್ಟನ್ನೂ ಇನ್ನೊಂದರಲ್ಲಿ ಮುಗಿದ ಕೋಣೆಯನ್ನೂ ತೋರಿಸಲು ಸಾಧ್ಯವೇ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಈ ಮನೆಯನ್ನು ಕಟ್ಟಿದ, ಇಟ್ಟಿಗೆ ಸುಟ್ಟ, ಹಲಗೆ ಕೊಯ್ದ ಕೈಗಳಲ್ಲಿ ಹೆಚ್ಚಿನವು ಗುಲಾಮರಾಗಿದ್ದವರ ಕೈಗಳು. ವಾಷಿಂಗ್ಟನ್ನರು ತೀರಿಕೊಂಡ 1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಜನ ಗುಲಾಮಗಿರಿಯಲ್ಲಿದ್ದರು. ಮನೆಯೊಂದನ್ನೇ ಪೀಠದ ಮೇಲೆ ಇಟ್ಟರೆ ಅವರು ವಾಸವಿದ್ದ ಜಾಗವೇ ಚಿತ್ರದಿಂದ ಹೊರಗೆ ಉಳಿಯುತ್ತದೆ. ಆವರಣದಲ್ಲಿದ್ದವರಲ್ಲಿ ಅನೇಕರು ಬದುಕಿದ್ದ 'ಹೌಸ್ ಫಾರ್ ಫ್ಯಾಮಿಲೀಸ್' ಎಂಬ ಕಟ್ಟಡವನ್ನು 1790ರ ದಶಕದ ಮೊದಲ ವರ್ಷಗಳಲ್ಲಿ ಕೆಡವಲಾಯಿತು. ಅಲ್ಲಿದ್ದವರಿಗೆ ಹಸಿರುಮನೆಯ ಅಕ್ಕಪಕ್ಕ ಇಟ್ಟಿಗೆಯ ಕೊಠಡಿಗಳಾದವು. ಅವು 1835ರಲ್ಲಿ ಸುಟ್ಟುಹೋದವು, ಈಗ ಕಾಣುವುದು 1951ರಲ್ಲಿ ಮತ್ತೆ ಕಟ್ಟಿದ್ದು. ಕಿತ್ತ ಚಾವಣಿಗೆ ಪೀಠದ ಮೇಲೆ ಜಾಗವಿದ್ದರೆ ಕೆಡವಿದ ಮನೆಗೂ ಜಾಗ ಇರಲೇಬೇಕು.

ಸಣ್ಣ ಊರಿನ ಮೇಷ್ಟ್ರು (ತೀರ್ಥಹಳ್ಳಿ)

ಓದುಗಳು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಪುಟ್ಟ ಪುಟ್ಟ ಮನುಷ್ಯರ ಗೊಂಬೆಗಳನ್ನು ಇಟ್ಟರೆ ಹೇಗೆ? ಮನೆ ಎಷ್ಟು ದೊಡ್ಡದೆಂಬುದೂ ತಿಳಿಯುತ್ತದೆ.

ಇತಿಹಾಸದ ಓದುಗಳು (ಧಾರವಾಡ)

ನನಗೆ ಆ ಕ್ರಮ ಒಪ್ಪಿಗೆಯಿಲ್ಲ, ಮೇಷ್ಟ್ರೇ. ಗೊಂಬೆಗಳು ಕೆಲಸ ಮಾಡುತ್ತಿರುವಂತೆ ಇಟ್ಟರೆ ನೋಡುವವರಿಗೆ ಅದು ಸುಂದರವಾದ ಹಳ್ಳಿಯ ದೃಶ್ಯದಂತೆ ತೋರುತ್ತದೆ, ಆ ದುಡಿಮೆಯ ಹಿಂದಿನ ಬಲವಂತ ಗೊಂಬೆಯಲ್ಲಿ ಕಾಣುವುದಿಲ್ಲ. ಕಟ್ಟಡದ ಗುರುತು ಮತ್ತು ಅದರ ಪಕ್ಕ ನೇರವಾದ ನಾಲ್ಕು ಸಾಲು ಬರಹ ಹೆಚ್ಚು ಪ್ರಾಮಾಣಿಕ. ಎತ್ತರದ ಅಂದಾಜಿಗೆ ಬೇಕಿದ್ದರೆ ಜಗಲಿಯ ಕಂಬದ ಪಕ್ಕ ಸಪಾಟಾದ ಒಂದು ಆಕೃತಿ ಸಾಕು.

ಮರದ ಮಾದರಿ (ವರ್ಜೀನಿಯಾ)

ಈ ಸಲಹೆಗಳಿಂದ ನಕ್ಷೆ ಬಹಳ ಬದಲಾಗಿದೆ. 1:48ರಲ್ಲಿ ಇಡೀ ಆವರಣವನ್ನು ತರಲು ಮೇಜಿನ ಮೇಲೆ ಜಾಗವಿಲ್ಲ, ಅಡುಗೆಮನೆ ಮತ್ತು ಕಂಬಸಾಲು ಸೇರಿಸಿದರೇ ಅಗಲ ಒಂದು ಮೀಟರನ್ನು ದಾಟುತ್ತದೆ. ಆದ್ದರಿಂದ ಮುಖ್ಯ ಮಾದರಿಯ ಮುಂದೆ 1:500 ಅಳತೆಯ ಸಣ್ಣ ಆವರಣ ಫಲಕವೊಂದನ್ನು ಇಡುತ್ತೇನೆ. ನಿಂತಿರುವ ಕಟ್ಟಡಗಳು ಅದರಲ್ಲಿ ಉಬ್ಬಾಗಿರುತ್ತವೆ, ಕೆಡವಿದ 'ಹೌಸ್ ಫಾರ್ ಫ್ಯಾಮಿಲೀಸ್' ಫಲಕದೊಳಗೆ ತಗ್ಗಾಗಿ ಕೊರೆದ ಅಚ್ಚಾಗಿರುತ್ತದೆ. ಬೆರಳಿಟ್ಟರೆ ಅಲ್ಲಿ ಏನೋ ಇತ್ತೆಂಬುದು ತಿಳಿಯಬೇಕು. ಉತ್ತರದ ರೆಕ್ಕೆಯ ನದಿ ಕಡೆಯ ಗೋಡೆಯನ್ನು ಜಾರುವ ಹಲಗೆಯಾಗಿ ಮಾಡಿ, ಒಳಗೆ ಎರಡು ಪೆಟ್ಟಿಗೆಗಳನ್ನು ಬದಲಿಸುವಂತೆ ಇಡುತ್ತೇನೆ. ಒಂದರಲ್ಲಿ ಕೇವಲ ಕಂಬ ತೊಲೆ, ಇನ್ನೊಂದರಲ್ಲಿ ಉತ್ತರದ ದೊಡ್ಡ ಕಮಾನುಕಿಟಕಿಯೊಂದಿಗೆ ಮುಗಿದ ಕೋಣೆ.

ಉಳಿದಿರುವ ತೊಡಕು ಜೋಡಣೆಯದು. ರೆಕ್ಕೆಗಳು ನಡುವಿನ ಭಾಗಕ್ಕೆ ಸೇರುವ ಕಡೆ ಸಂದು ಕಾಣಬಾರದು, ಆದರೆ ಮಕ್ಕಳೂ ಸುಲಭವಾಗಿ ತೆಗೆಯುವಂತಿರಬೇಕು. ಆಯಸ್ಕಾಂತ ಸಾಕೇ, ಮರದ ಗೂಟ ಬೇಕೇ?

ಹಾಲೆಮರ (ಚನ್ನಪಟ್ಟಣ)

ಎರಡೂ ಬೇಕು. ಆಯಸ್ಕಾಂತ ಎಳೆದು ಹಿಡಿಯುತ್ತದೆ, ಆದರೆ ಸರಿಯಾದ ಜಾಗಕ್ಕೆ ಕೂರಿಸುವುದಿಲ್ಲ; ಆ ಕೆಲಸಕ್ಕೆ ಗೂಟ ಇರಬೇಕು. ಪ್ರತಿ ರೆಕ್ಕೆಗೆ ಕೆಳಗಡೆ ಎರಡು ಗೂಟ, ಮೇಲ್ಗಡೆ ಮೂರು ಮಿಲಿಮೀಟರಿನ ಎರಡು ಆಯಸ್ಕಾಂತ ಸಾಕು. ಗೂಟದ ಒಂದು ತೂತನ್ನು ಬಿಗಿಯಾಗಿ ದುಂಡಗೆ ಕೊರೆಯಿರಿ, ಇನ್ನೊಂದನ್ನು ಅಡ್ಡಕ್ಕೆ ತುಸು ಉದ್ದ ಮಾಡಿ. ಎರಡೂ ಬಿಗಿಯಾದರೆ ಮರ ತೇವಕ್ಕೆ ಉಬ್ಬಿದ ದಿನ ರೆಕ್ಕೆ ಕಚ್ಚಿಕೊಂಡುಬಿಡುತ್ತದೆ, ನಿಮ್ಮ ಕಡೆ ಬೇಸಿಗೆಯಲ್ಲಿ ತೇವ ಹೆಚ್ಚೆಂದು ಕೇಳಿದ್ದೇನೆ. ಆಯಸ್ಕಾಂತಗಳನ್ನು ಅಂಟಿಸುವ ಮುನ್ನ ಯಾವ ಮುಖ ಯಾವುದನ್ನು ಸೆಳೆಯುತ್ತದೆಂದು ಪೆನ್ನಿನಲ್ಲಿ ಗುರುತು ಹಾಕಿ. ಉತ್ತರದ ರೆಕ್ಕೆಯ ಗೂಟಗಳ ಅಂತರ ದಕ್ಷಿಣದ್ದಕ್ಕಿಂತ ಬೇರೆ ಇರಲಿ, ಆಗ ಮಕ್ಕಳು ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಲು ಹೋದರೂ ಅದು ಕೂರುವುದಿಲ್ಲ.

ಸಂದು ಮುಚ್ಚುವ ಗೋಜಿಗೆ ಹೋಗಬೇಡಿ. ಹೊರಮೈಯ ಕಲ್ಲಿನ ಗೆರೆ ಹೇಗೂ ಇದೆಯಲ್ಲ, ಸಂದು ಆ ಲಂಬ ಗೆರೆಗಳ ಮೇಲೆಯೇ ಬೀಳುವಂತೆ, ಸಾಲುಸಾಲಿಗೆ ಹಲ್ಲುಹಲ್ಲಾಗಿ ಕತ್ತರಿಸಿಕೊಳ್ಳಿ. ಆದರೆ ಅಂಥ ಹಲ್ಲುಗಳಿರುವ ಭಾಗವನ್ನು ಮೇಲಕ್ಕೆ ಎತ್ತಲಾಗುವುದಿಲ್ಲ, ಪಕ್ಕಕ್ಕೆ ಎಳೆದೇ ಬಿಡಿಸಬೇಕು; ಆದ್ದರಿಂದ ಗೂಟಗಳನ್ನು ಪೀಠದಿಂದ ಮೇಲಕ್ಕೆ ನಿಲ್ಲಿಸದೆ ನಡುವಿನ ಭಾಗದ ತುದಿಗೋಡೆಗಳಿಂದ ಅಡ್ಡಕ್ಕೆ ಹೊರಡಿಸಿ. ಕೊನೆಯ ಹಂತದ ಚಾವಣಿಯನ್ನು ಮೊದಲು ಎತ್ತಿದ ಮೇಲೆಯೇ ರೆಕ್ಕೆಗಳು ಹೊರಬರುವಂತೆ ಚಾವಣಿಯ ಅಂಚನ್ನು ಎರಡು ಮಿಲಿಮೀಟರ್ ಕೆಳಗಿಳಿಸಿದರೆ, ಬಿಡಿಸುವ ಕ್ರಮವೂ ತಾನಾಗಿಯೇ ಸರಿಯಾಗುತ್ತದೆ.